ಏಳನೆಯ ತಂಡ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂದು ಐದು ವಾರವಾಯಿತು. ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಬೈದುಬಿಡು. ನಿನ್ನ ಬೈಗುಳ ಕೇಳಿಯೂ ಬಹಳ ದಿನವಾಗಿದೆ. ಕೈಕಾಲು ಗಟ್ಟಿಯಾಗಿವೆ ಎಂದು ಬರೆಯೋಣವೆಂದರೆ, ಕೈ ಗಟ್ಟಿಯಾಗಿದೆ, ಕಾಲಿನ ವಿಷಯ ಮುಂದೆ ಹೇಳುತ್ತೇನೆ. ಭಾವನಿಗೆ ನನ್ನ ನಮಸ್ಕಾರ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಮಧ್ಯದಲ್ಲಿ ಅಳುತ್ತೀಯ, ನಾನು ನಗಿಸಲು ಹೋಗುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿದುಬಿಡುತ್ತದೆ.

ಮೊದಲು ಸುದ್ದಿ. ಈ ತಂಡದವರೂ ನನ್ನನ್ನು ಕಳಿಸಿಬಿಟ್ಟರು. ಏಳು ವರ್ಷದಲ್ಲಿ ಇದು ಆರನೆಯದು. ನಿನಗೆ ಗೊತ್ತಲ್ಲ, ನಮ್ಮಂಥ ಹೊರದೇಶದ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯರು ತಂಡಕ್ಕೆ ಇಬ್ಬರೇ, ಅದೂ ಎಂಟು ತಿಂಗಳ ಕರಾರಿಗೆ. ಮೂರನೆಯವಳು ಬಂದಳೆಂದರೆ ಒಬ್ಬಳು ಪೆಟ್ಟಿಗೆ ಕಟ್ಟಬೇಕು. ಜನವರಿಯಲ್ಲಿ ಮೂರನೆಯವಳು ಬಂದಳು. ಇಪ್ಪತ್ತೆರಡು ವರ್ಷ, ನನಗಿಂತ ಮೂರು ಬೆರಳು ಎತ್ತರ. ಮನೆಯಲ್ಲಿ ನನ್ನನ್ನೇ ಏಣಿ ಎನ್ನುತ್ತಿದ್ದವರು ಅವಳನ್ನು ಏನೆನ್ನುತ್ತಿದ್ದಿರೋ! ಒಳ್ಳೆಯ ಹುಡುಗಿ. ಮೊದಲ ದಿನವೇ ಬಂದು, "ನಾನು ಸ್ಕೂಲಲ್ಲಿದ್ದಾಗ ನಿನ್ನ ಆಟ ನೋಡಿದ್ದೆ" ಅಂದಳು. ಹೊಗಳಿದಳೋ, ವಯಸ್ಸು ನೆನಪಿಸಿದಳೋ ತಿಳಿಯಲಿಲ್ಲ.

ಕೊನೆಯ ಪಂದ್ಯದಲ್ಲಿ ನನ್ನನ್ನು ಇಳಿಸಿದ್ದು ಆರೇ ನಿಮಿಷ. ಎದುರಾಳಿ ಹುಡುಗಿ ಎಡಕ್ಕೆ ತಿರುಗುತ್ತಾಳೆಂದು ನನಗೆ ಮೊದಲೇ ಗೊತ್ತಾಯಿತು. ಆದರೆ ಮಂಡಿ ಅರೆಗಳಿಗೆ ತಡಮಾಡಿತು, ಅವಳು ಪಕ್ಕದಲ್ಲೇ ಗಾಳಿಯ ಹಾಗೆ ಹೋದಳು. ಎರಡು ಸಲ ಹೀಗೇ ಆಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಊರಿನ ಕ್ರೀಡಾಂಗಣದ ನೆಲ ನಿಜಕ್ಕೂ ಡೊಂಕು ಕಣೇ, ಚೆಂಡು ಇಟ್ಟರೆ ತಾನಾಗಿ ಬಾಗಿಲ ಕಡೆ ಉರುಳುತ್ತದೆ! ಆದರೂ ಹಾಗನ್ನಲು ಬಾಯಿ ಬರಲಿಲ್ಲ. ಕೋಚ್ ಬೈಯಲೂ ಇಲ್ಲ. ಬೈಯದ ಕೋಚ್ ಅಂದರೆ ಕೈಬಿಟ್ಟ ವೈದ್ಯನ ಹಾಗೆ.

ಮರುದಿನ ಬೆಳಿಗ್ಗೆ ಕರೆಸಿದರು. ನೋವಿನ ಮುಲಾಮಿನ ವಾಸನೆ ತುಂಬಿದ ಸಣ್ಣ ಕೋಣೆ. "ಕೂತ್ಕೋ" ಅಂದರು. ಕೂತರೆ ಏಳುವುದು ಕಷ್ಟವೆಂದು ನಿಂತೇ ಇದ್ದೆ.

"ನಿನ್ನ ಕಣ್ಣು ಇನ್ನೂ ಆಡುತ್ತೆ, ಕೈಯೂ ಆಡುತ್ತೆ. ಮಂಡಿ ಮಾತ್ರ ಜೊತೆಗೆ ಬರ್ತಾ ಇಲ್ಲ. ನಾನೇನು ಮಾಡ್ಲಿ, ಹೇಳು?"

"ಇನ್ನೆರಡು ವಾರ ನೋಡಿ" ಅಂದೆ. ಅವರು ಮೇಜಿನ ಮೇಲಿದ್ದ ಸೀಟಿಯನ್ನು ಅತ್ತಿಂದಿತ್ತ ಸರಿಸಿದರು. ಅಷ್ಟೇ.

ಬಟ್ಟೆಬರೆ ನೋಡಿಕೊಳ್ಳುವ ಅಜ್ಜಿ ನನ್ನ ಕಪಾಟಿನ ಬಾಗಿಲಿಂದ ಹೆಸರಿನ ಚೀಟಿ ಕೀಳುತ್ತಿದ್ದಳು. ಅದರ ಕೆಳಗೆ ಇನ್ನೊಬ್ಬಳ ಹೆಸರು, ಅದರ ಕೆಳಗೆ ಮತ್ತೊಬ್ಬಳ ಅರ್ಧ ಹೆಸರು. "ಯಾರನ್ನೂ ಪೂರ್ತಿ ಕೀಳೋಕಾಗಲ್ಲಮ್ಮ, ಅಂಟು ಗಟ್ಟಿ" ಅಂದಳು. ಅಲ್ಲಿಯವರೆಗೂ ತಡೆದುಕೊಂಡಿದ್ದೆ ನೋಡು, ಆಗ ಅತ್ತುಬಿಟ್ಟೆ.

ಇನ್ನು ನೀನು ಕೇಳಿದ್ದಕ್ಕೆ ಬರುತ್ತೇನೆ. "ಮಂಡಿ ಸವೆಸ್ಕೊಂಡು ಇನ್ನೆಷ್ಟು ಊರು ತಿರುಗ್ತೀಯ? ಪಾಪಚ್ಚಿಗೆ ಒಂಬತ್ತು ತುಂಬುತ್ತೆ. ಬಂದ್ಬಿಡು" ಎಂದು ನೀನು ಬರೆದಿದ್ದೆ. ಅವಳ ಅಪ್ಪ ತೀರಿಕೊಂಡಾಗ ಅವಳಿಗೆ ಒಂದೂವರೆ ವರ್ಷ. ನನಗೆ ಚೆಂಡು ಬಿಟ್ಟು ಬೇರೆ ವಿದ್ಯೆ ಬರುತ್ತಿರಲಿಲ್ಲ. ಒಂದೇ ವರ್ಷ ಆಡಿ ಬರುತ್ತೇನೆಂದು ನನ್ನ ಮಗಳನ್ನು ನಿನ್ನ ಮಡಿಲಿಗೆ ಹಾಕಿ ಬಂದೆ. ಒಂದು ಎರಡಾಯಿತು, ಎರಡು ಏಳಾಯಿತು. ಹೋದ ರಜೆಯಲ್ಲಂತೂ ಮಂಡಿ ಕೊಯ್ಸಿಕೊಂಡು ಮಲಗಿದ್ದೆ, ಬರುವುದಕ್ಕೇ ಆಗಲಿಲ್ಲ.

ಹೋದ ವಾರ ಶನಿವಾರದವರೆಗೂ ಬರುವುದೆಂದೇ ಇದ್ದೆ ಅಕ್ಕ. ಪಾಪಚ್ಚಿಗೆ ಶೂ ಕೊಳ್ಳಲೂ ಹೋಗಿದ್ದೆ. ಅಂಗಡಿಯವಳು "ಎಷ್ಟು ದೊಡ್ಡ ಪಾದ?" ಎಂದಾಗ ಗೊತ್ತಿಲ್ಲವೆನ್ನಲು ನಾಚಿಕೆಯಾಗಿ ಅಂಗೈ ಅಗಲಿಸಿ ತೋರಿಸಿದೆ.

ಆದರೆ ಈ ಬುಧವಾರ ಏಳನೆಯ ತಂಡಕ್ಕೆ ಸಹಿ ಹಾಕಿದೆ. ಕೆಳಗಿನ ದರ್ಜೆಯ ತಂಡ, ಇಲ್ಲಿಂದ ರೈಲಿನಲ್ಲಿ ನಾಲ್ಕು ಗಂಟೆಯ ದಾರಿ. ಎಲ್ಲ ಎಳೆಯ ಹುಡುಗಿಯರು, ಹೇಳಿಕೊಡಲು ಅನುಭವ ಇದ್ದವಳೊಬ್ಬಳು ಬೇಕಂತೆ. ಮಂಡಿ ಇನ್ನೊಂದು ವರ್ಷ ತಡೆಯುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ನನ್ನ ಮುಖ ನೋಡದೆ ಹೇಳಿದರು, ಆ ಮಾತು ಬೇರೆ. ನಿನಗೆ ಕೋಪ ಬರುತ್ತದೆ. ಬರಲಿ. ಹುಟ್ಟುಗುಣ ಸುಟ್ಟರೂ ಹೋಗದು ಎಂದುಕೊಂಡು ಸುಮ್ಮನಾಗು.

ಪಾಪಚ್ಚಿಗೆ ಮುತ್ತು. ಚಿಕ್ಕವರು ದೊಡ್ಡವರನ್ನು ಹರಸಬಾರದೆನ್ನುತ್ತಾರೆ. ಆದರೂ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ತಂಗಿ,
ಏಣಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ನಿನಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ.

ಹೋದ ಭಾನುವಾರ ಫೋನು ಮಾಡಿದಾಗ ಪಾಪಚ್ಚಿ ಎತ್ತಿದಳು. ಬರುವ ಸುದ್ದಿಯನ್ನು ಅವಳಿಗೇ ಮೊದಲು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ, "ಚೆನ್ನಾಗಿದ್ದೀರಾ? ನಿಮ್ಮ ಕಾಲು ನೋವು ಹೇಗಿದೆ?" ಅಂದಳು. 'ನೀವು' ಎಂದಳು ಅಕ್ಕ. ಎರಡು ವರ್ಷದ ಹಿಂದೆ "ನೀನು ಯಾವಾಗ ಬರ್ತೀಯ, ಹೇಳು" ಎಂದು ಜಗಳ ಕಾಯುತ್ತಿದ್ದವಳು. "ಅಮ್ಮನ್ನ ಕರೀಲಾ?" ಅಂದಳು. ಕರಿ ಅಂದೆ. "ಅಮ್ಮಾ, ಬೇಗ ಬಾರೇ, ನಿಂಗೆ ಫೋನು!" ಎಂದು ಅವಳು ಕೂಗಿದ್ದು ಕೇಳಿಸಿತು. ನೀನು ಬರುವುದರೊಳಗೆ ಇಟ್ಟುಬಿಟ್ಟೆ.

ದೊಡ್ಡವರಿಗೆ ಮರ್ಯಾದೆ ಕೊಟ್ಟು ಮಾತಾಡಬೇಕೆಂದು ಕಲಿಸಿದ್ದೀಯ, ಸರಿಯಾಗಿಯೇ ಕಲಿಸಿದ್ದೀಯ. ನಿನ್ನ ತಪ್ಪೇನೂ ಇಲ್ಲ. ಅವಳನ್ನು ತಿದ್ದಲು ಹೋಗಬೇಡ. ತಿದ್ದಿದರೆ ನಿನ್ನ ಮಾತಿಗಾಗಿ ನನ್ನನ್ನು 'ನೀನು' ಎಂದಾಳು. ಅದನ್ನು ಕೇಳಿಸಿಕೊಳ್ಳುವ ಶಕ್ತಿ ನನಗಿಲ್ಲ.