ಮನೆಯಿಂದ ತಂದ ಬಾಟಲಿ

ಅಮ್ಮಾ,

ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ಗಾಬರಿಯಾಗುತ್ತೀಯ. ಅದಕ್ಕೇ ಲ್ಯಾಬಿನ ಡ್ರೈವರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಪೂರ್ತಿ ಓದು.

ಅವನು ಇಳಿಸುವ ಕ್ಯಾನ್ ನೀರನ್ನೇ ಕುಡಿಯಲು, ಅಡುಗೆಗೆ ಬಳಸು. ನಲ್ಲಿ ನೀರು ಬೇಡ. "ಕುದಿಸಿದ್ರೆ ಎಲ್ಲಾ ಸರಿಹೋಗುತ್ತೆ" ಅನ್ನಬೇಡ; ಕುದಿಸಿದರೆ ವಿಷ ಆವಿಯಾಗಿ ಮನೆಯೊಳಗೇ ತುಂಬಿಕೊಳ್ಳುತ್ತದೆ. ಅತ್ತಿಗೆ ನೆಗಡಿಗೆಂದು ಕಂಬಳಿ ಹೊದ್ದು ಹಬೆ ತೆಗೆದುಕೊಳ್ಳುವುದು ಇವತ್ತೇ ನಿಲ್ಲಲಿ. ಬಸುರಿ ಅವಳು. ಎದುರುಮನೆಯವರಿಗೂ ಹೇಳು, ನಾನು ಹೇಳಿದೆ ಅಂತಲೇ ಹೇಳು.

ಕಾರ್ಖಾನೆಗಳಲ್ಲಿ ಯಂತ್ರದ ಜಿಡ್ಡು ತೆಗೆಯುವ ದ್ರಾವಕ ಊರಿನ ನೀರಿಗೆ ಸೇರಿದೆಯೇ ಎಂದು ಪರೀಕ್ಷಿಸುತ್ತಿದ್ದೆವು. ಅದು ಹೆಚ್ಚಿದ್ದಷ್ಟೂ ಯಂತ್ರದ ಪರದೆಯಲ್ಲಿ ಗೆರೆ ಮೇಲೇರುತ್ತದೆ. ಆಚೆ ಬಡಾವಣೆಯ ನೀರಿನಲ್ಲಿ ಸ್ವಲ್ಪ ಸಿಕ್ಕಿತು. "ನಮ್ಮನೆ ನೀರು ಹಾಕಿ ನೋಡಿ, ಗೆರೆ ಅಲ್ಲಾಡಲ್ಲ" ಎಂದು ಜಂಬ ಕೊಚ್ಚಿಕೊಂಡು ನನ್ನ ಬಾಟಲಿಯಿಂದಲೇ ಸುರಿದೆ. ಗೆರೆ ಪರದೆಯ ಮೇಲಂಚಿಗೆ ಹೋಗಿ ಬಡಿಯಿತು. ಯಂತ್ರ ಕೆಟ್ಟಿದೆ ಎಂದು ಎಲ್ಲರ ಮೇಲೂ ರೇಗಾಡಿದೆ. ತೊಳೆದು ಮತ್ತೆ ಹಾಕಿದೆ. ಮತ್ತೆ ಅದೇ. ಡ್ರೈವರ್ ಕಾಯುತ್ತಿದ್ದಾನೆ, ಅಕ್ಷರ ನೋಡಿ ಬೈಯಬೇಡ.

"ಲ್ಯಾಬ್ ನೀರು ಮುಟ್ಬೇಡ, ಅಲ್ಲೆಲ್ಲ ಬರೀ ಕೆಮಿಕಲ್ಲು" ಅಂತ ನೀನು ದಿನಾ ತುಂಬಿಸಿಕೊಡುತ್ತೀಯಲ್ಲ, ಅದೇ ಬಾಟಲಿ. ಈಗ ನನ್ನೆದುರು ಖಾಲಿಯಾಗಿ ನಿಂತಿದೆ. ಪರೀಕ್ಷೆಗೆ ಹಾಕಿದ್ದು ನಾಲ್ಕೇ ಚಮಚ.

ನಿನ್ನ ಕಿರಿಮಗಳು