ಎಫ್ ಇರಬೇಕಾದ ಜಾಗದಲ್ಲಿ ಜಿ

ಕೆಂಡಗಾಲದ ನಲವತ್ತೊಂದನೆಯ ದಿನ, ಇಸವಿ ೨೨೧೯
ಮೂರನೇ ಸುರಂಗ, ಕೋಲಾರದ ಹಳೆಯ ಚಿನ್ನದ ಗಣಿ

ಗಿಟಾರ್ ಕಲಿಸುತ್ತಿರುವ ನಿಮಗೆ,

ಈ ತಾರೀಖು ನಿಮಗೆ ತಮಾಷೆಯಾಗಿ ಕಾಣಬಹುದು, ನನ್ನ ಕೆಲವು ಮಾತುಗಳು ವಿಚಿತ್ರವೆನಿಸಬಹುದು. ಮನ್ನಿಸಿ. ಇನ್ನೂ ಹುಟ್ಟದವಳೊಬ್ಬಳು ನಿಮಗೆ ಬರೆಯುತ್ತಿದ್ದಾಳೆ. ಹಿಂದಿನವರಿಗೆ ಬರೆಯುವ ಇಂಥ ಕಾಗದವನ್ನು ನಾವು ಹಿನ್ನೋಲೆ ಎನ್ನುತ್ತೇವೆ. ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆದರೂ ವರ್ಷಕ್ಕೊಂದು ಬರೆಯುತ್ತೇವೆ.

ಮಾರ್ಚ್‌ನಿಂದ ಜೂನ್‌ವರೆಗೆ ನೆಲ ಕಾದ ಹೆಂಚಿನಂತಾಗುವುದರಿಂದ ಊರಿಗೆ ಊರೇ ಗಣಿಯೊಳಕ್ಕೆ ಇಳಿಯುತ್ತದೆ. ಅದೇ ಕೆಂಡಗಾಲ. ಸುರಂಗದಲ್ಲಿ ಸಾಲಾಗಿ ಕೊರೆದ ಮನೆಗಳಿಗೆ ತಂಪುಕೇರಿ ಎಂದು ಹೆಸರು. ಇಲ್ಲಿ ಗೋಡೆಗಳು ಸದಾ ಬೆವರುತ್ತವೆ, ಬಟ್ಟೆ ಒಣಗಲು ಮೂರು ದಿನ ಬೇಕು, ಕೇರಿಗೆಲ್ಲ ಒಂದೇ ಒಲೆಯ ಮೇಲೆ ಮುದ್ದೆ ಬೇಯುತ್ತದೆ. ಇಳಿದ ದಿನ, ಗಣಿಯ ಬಾಗಿಲು ಮುಚ್ಚಿದ ಮೇಲೆ, ಆ ವರ್ಷ ತೀರಿಕೊಂಡ ಪ್ರತಿಯೊಬ್ಬರಿಗೂ ಮನೆಯವರೊಬ್ಬರು ಆ ಕ್ಷಣದಲ್ಲೇ ಹುಟ್ಟಿಸಿದ ಸಂಗೀತವನ್ನು ಅರ್ಪಿಸಬೇಕು. ಬಾಯಿಪಾಠ ಒಪ್ಪಿಸುವಂತಿಲ್ಲ. ಎರಡನೇ ಸಲ ಎಂಬುದೂ ಇಲ್ಲ.

ನಮ್ಮಪ್ಪ ಮುನಿಯಪ್ಪ ಗಣಿಯ ನೀರೆತ್ತುವ ಪಂಪು ನೋಡಿಕೊಳ್ಳುತ್ತಿದ್ದರು. ಎದೆನೋವು ಶುರುವಾದಾಗ ನನ್ನನ್ನು ಕರೆದು, "ನಂಗೆ ನೀನೇ ಬಾರಿಸ್ಬೇಕು ಕಣಮ್ಮ," ಎಂದರು. ನನಗಾಗ ಹತ್ತೊಂಬತ್ತು ವರ್ಷ. ಮಾರನೆಯ ದಿನವೇ ಕೇರಿಯಲ್ಲಿ ಗಿಟಾರ್ ಕಲಿಸುತ್ತಿದ್ದ ಆರೋಗ್ಯಸ್ವಾಮಿ ಮೇಷ್ಟ್ರ ಬಳಿ ಹೋದೆ.

ಮೇಷ್ಟ್ರು ಕಾರ್ಡ್‌ಗಳನ್ನು, ಎಂದರೆ ಹಲವು ತಂತಿಗಳು ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳನ್ನು, ಒಂದು ಕ್ರಮದಲ್ಲಿ ನುಡಿಸುತ್ತಿದ್ದರು. ಎ ಮೈನರ್, ಎಫ್, ಸಿ, ಜಿ, ಮತ್ತೆ ಮೊದಲಿಂದ. ಅದರ ಮೇಲೆ ನಾನು ಒಂಟಿ ತಂತಿಯಲ್ಲಿ ನನ್ನದೇ ರಾಗ ಕಟ್ಟಬೇಕು. ಕಾರ್ಡ್ ಬದಲಾದಾಗ ಅದಕ್ಕೆ ಹೊಂದುವ ಸ್ವರದ ಮೇಲೆ ಬಂದು ನಿಲ್ಲಬೇಕು. "ಕಣ್ಣು ಮುಚ್ಕೋ, ರೋಸ್ಲಿನ್. ಕೈ ಕರ್ಕೊಂಡು ಹೋದ ಕಡೆ ಹೋಗು," ಎನ್ನುತ್ತಿದ್ದರು. ನಾಲ್ಕು ವರ್ಷ ಹೋದೆ. ಮೊದಲ ದಿನ ಬಿಟ್ಟರೆ ಎಲ್ಲಿ ನಿಂತರೂ ಇಂಪಾಗಿಯೇ ಕೇಳುತ್ತಿತ್ತು. ಇದು ನನಗೆ ಹುಟ್ಟಿನಿಂದಲೇ ಬಂದದ್ದು ಎಂದು ನಂಬಿದೆ. ಹೊರಗೆ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದ ಅಪ್ಪನೂ ನಂಬಿದರು.

ಐದನೆಯ ವರ್ಷ ಅಪ್ಪ ಹೋದರು. ಬಾಗಿಲು ಮುಚ್ಚಿದ ದಿನ ಮೇಷ್ಟ್ರಿಗೆ ವಿಪರೀತ ಜ್ವರ. ಅವರ ಬದಲು ಪುಷ್ಪವಲ್ಲಿ ಅಕ್ಕ ಕಾರ್ಡ್ ಹಿಡಿದರು. ಅವರೂ ಹಿಂದೆ ಅದೇ ಮೇಷ್ಟ್ರ ಬಳಿ ಕಲಿತವರು. ಅದೇ ನಾಲ್ಕು ಕಾರ್ಡ್‌ಗಳು. ನಾನು ಕಣ್ಣು ಮುಚ್ಚಿ ಶುರು ಮಾಡಿದೆ. ಎರಡನೇ ಸುತ್ತಿಗೇ ಹಲ್ಲಿಗೆ ಕಲ್ಲು ಸಿಕ್ಕಂತೆ ಕರ್ಕಶವಾಯಿತು. ಸರಿಪಡಿಸಲು ಹೋದಷ್ಟೂ ಕೆಟ್ಟಿತು. ಇಡೀ ಕೇರಿ ತಲೆ ತಗ್ಗಿಸಿ ಕೂತಿತ್ತು. ಅಪ್ಪನ ಸಂಗೀತ ಅರ್ಧಕ್ಕೇ ನಿಂತಿತು.

ಅಕ್ಕನ ಮೇಲೆ ಹರಿಹಾಯ್ದೆ. ಅಕ್ಕ ಸಿಟ್ಟಾಗಲಿಲ್ಲ. "ನಾನು ಸರಿಯಾಗೇ ಹಿಡ್ದೆ ಕಣೆ. ಎಫ್ ಬಂದಾಗೆಲ್ಲ ನೀನು ಬಿ ಸ್ವರದ ಮೇಲೆ ನಿಲ್ತಿದ್ದೆ. ಅವೆರಡೂ ಹೊಂದಲ್ಲ. ನಿಂಗೆ ಯಾರೂ ಹೇಳಿಲ್ವಾ?"

ವಾರದ ನಂತರ ಮೇಷ್ಟ್ರ ಮುಂದೆ ಕೂತೆ. ಮೊದಲ ಬಾರಿಗೆ ಕಣ್ಣು ತೆರೆದೇ ಬಾರಿಸಿದೆ. ಎಫ್ ಬರುವ ಹೊತ್ತಿಗೆ ಬೇಕೆಂದೇ ಬಿ ಸ್ವರ ಹಿಡಿದು ನಿಂತೆ. ಮೇಷ್ಟ್ರ ಕೈ ಸದ್ದಿಲ್ಲದೆ ಗಿಟಾರಿನ ಕತ್ತಿನ ಮೇಲೆ ಎರಡು ಫ್ರೆಟ್, ಎಂದರೆ ಎರಡು ಮನೆ, ಮುಂದಕ್ಕೆ ಜಾರಿತು. ಎಫ್ ಹೋಗಿ ಬಿ ಸ್ವರಕ್ಕೆ ಹೊಂದುವ ಜಿ ಆಯಿತು. ನನ್ನ ತಪ್ಪು ಸ್ವರ ಜೇನಿನಂತೆ ಕೇಳಿತು. ಇನ್ನೊಂದು ತಪ್ಪು ಮಾಡಿದೆ. ಕೈ ಮತ್ತೆ ಜಾರಿತು. ನಾಲ್ಕು ವರ್ಷ ನಾನು ಎಲ್ಲಿ ಬಿದ್ದರೂ ಈ ಮನುಷ್ಯ ಅಲ್ಲಿಗೇ ಹಾಸಿಗೆ ಎಳೆದು ಹಾಸಿದ್ದರು.

ಗಿಟಾರ್ ನಿಲ್ಲಿಸಿ ಅವರ ಕೈಯನ್ನೇ ನೋಡಿದೆ. ಅವರಿಗೆ ತಿಳಿಯಿತು.

"ಮೊದಲ್ನೇ ದಿನ ಒಂದು ತಪ್ಪು ತಿದ್ದಿದ್ದಕ್ಕೆ ನೀನು ಅಳ್ತಾ ಎದ್ದು ಹೋಗ್ಬಿಟ್ಟಿದ್ದೆ. ಮತ್ತೆ ಹೋದ್ರೆ ಬರಲ್ವೇನೋ ಅಂತ ಭಯ ಆಯ್ತಮ್ಮ. ಆಮೇಲೆ, ನೀನು ನಗ್ತಾ ಬಾರಿಸ್ತಿದ್ದೆ."

"ನಮ್ಮಪ್ಪಂಗೆ ಇನ್ನೊಂದ್ಸಲ ಬಾರಿಸೋಕಾಗುತ್ತಾ, ಮೇಷ್ಟ್ರೆ?"

ನಾನು ಎದ್ದು ಬಂದೆ.

ಪುಷ್ಪವಲ್ಲಿ ಅಕ್ಕನ ಬಳಿ ಮೊದಲಿಂದ ಕಲಿತೆ. ಆರು ತಿಂಗಳು ಬರೀ ಕಾರ್ಡ್ ಹಿಡಿಸಿದರು. ಆಮೇಲೆ ಪ್ರತಿ ಕಾರ್ಡ್‌ಗೆ ಒಂದೇ ಒಂದು ಸ್ವರ, ಅದನ್ನೂ ಮೊದಲು ಬಾಯಲ್ಲಿ ಹಾಡಿ ನಂತರ ಮೀಟಬೇಕು. ತಪ್ಪಿದರೆ ಆ ಕರ್ಕಶವನ್ನು ಪೂರ್ತಿ ಕೇಳಿಸಿಕೊಂಡೇ ಮುಂದೆ ಹೋಗಬೇಕು. ಎಷ್ಟೋ ದಿನ ಅತ್ತೆ. ಈಗ ಯಾವ ಕಾರ್ಡ್‌ಗಳನ್ನು ಕೊಟ್ಟರೂ ದಾರಿ ಕಂಡುಕೊಳ್ಳುತ್ತೇನೆ. ಚೆನ್ನಾಗಿ ಬಾರಿಸುತ್ತೇನೆ ಎಂದು ಕೇರಿಯವರೇ ಹೇಳುತ್ತಾರೆ. ಅಪ್ಪ ಕೂತು ಕೇಳುತ್ತಿದ್ದ ಕಟ್ಟೆ ಮಾತ್ರ ಖಾಲಿ. ಮೇಷ್ಟ್ರು ನಾಲ್ಕು ಮನೆ ಆಚೆ ಇದ್ದಾರೆ. ಎದುರಾದರೆ ಊಟವಾಯಿತೇ ಎಂದು ವಿಚಾರಿಸುತ್ತೇನೆ. ಅವರು ಒಳ್ಳೆಯವರು, ಗೊತ್ತು. ಅದಕ್ಕೇ ಇನ್ನೂ ಕ್ಷಮಿಸಲಾಗಿಲ್ಲ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮೆದುರು ಕೂತವರ ಬೆರಳು ತಪ್ಪು ಸ್ವರದ ಮೇಲೆ ನಿಂತಾಗ ನಿಮ್ಮ ಕೈ ಇದ್ದಲ್ಲೇ ಇರಲಿ. ತಪ್ಪು ತಪ್ಪಾಗಿಯೇ ಕೇಳಿಸಲಿ. ಅವರು ಅತ್ತರೆ ಅಳಲಿ. ಎದ್ದು ಹೋದರೆ ಬಾಗಿಲವರೆಗೆ ಹಿಂದೆಯೇ ಹೋಗಿ, ಹೆಸರು ಹಿಡಿದು ಕರೆಯಿರಿ.

ಇಂತಿ,
ರೋಸ್ಲಿನ್ ಮುನಿಯಪ್ಪ