ದಾವಲಬಿಗೆ ಮರೆವಿಲ್ಲವೆಂದು ಬರೆದುಕೊಡಿ

ಐದು ದೇಶಗಳ ಮರೆವನ್ನು ಅಳೆದು ನೋಡಿದ ಮಾನ್ಯ ನಿರ್ದೇಶಕರೇ,

ಸವಣೂರಿನಲ್ಲಿ ನೀವು ಕಾಯಿಲೆ ಇಲ್ಲದವರಿಗೆ ಕಾಯಿಲೆ ಕೊಟ್ಟಿದ್ದೀರಿ. ಇದ್ದವರಿಂದ ಅದನ್ನು ಕಿತ್ತುಕೊಂಡಿದ್ದೀರಿ. ಎರಡನ್ನೂ ಸರಿಪಡಿಸಿ ಎಂದು ಕೇಳಲು ಈ ಬಹಿರಂಗ ಪತ್ರ.

ಜಪಾನ್, ಕೆನಡಾ, ಬ್ರೆಜಿಲ್, ನೆದರ್ಲೆಂಡ್ಸ್‌ಗಳ ವೃದ್ಧರ ಜೊತೆ ಹೋಲಿಸಲು ನಿಮ್ಮ ಕಚೇರಿ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳನ್ನು ಆರಿಸಿಕೊಂಡಿತು. ಸಂತೋಷ. ಹೋಲಿಕೆ ಕೆಡಬಾರದೆಂದು ಎಲ್ಲರಿಗೂ ಒಂದೇ ಪ್ರಶ್ನಾವಳಿ ಮಾಡಿತು. ಅಲ್ಲಿಗೆ ನಮ್ಮ ಸಂತೋಷ ಮುಗಿಯಿತು.

ನನ್ನ ತಂದೆ ಸುಯಮೀಂದ್ರಾಚಾರ್ಯರು ನಿವೃತ್ತ ಸಂಸ್ಕೃತ ಶಿಕ್ಷಕರು. ನಾಲ್ಕು ವರ್ಷಗಳಿಂದ ಅವರ ನೆನಪು ಕುಂದುತ್ತಿದೆ. ನಾನು ಹತ್ತಿಮತ್ತೂರಿನ ಶಾಲೆಗೆ ಪಾಠ ಮಾಡಲು ಹೊರಟ ಮೇಲೆ ಅವರೂ ಕೋಟು ತೊಟ್ಟು, ಎಂದೋ ಬಿಟ್ಟುಬಂದ ತಮ್ಮ ಶಾಲೆಗೆ ಹೊರಡುತ್ತಾರೆ. ಓಣಿಯ ತಿರುವಿನಲ್ಲಿ ಎಲೆ-ಅಡಿಕೆ ಅಂಗಡಿ ಇಟ್ಟಿರುವ ದಾವಲಬಿ ಚಾಚಿ ಎದ್ದು ಬಂದು, “ಮಾಸ್ತರ, ಇವತ್ತ ಸೂಟಿ ಐತ್ರಿ. ಬರ್ರಿ, ಕುಂದರ್ರಿ” ಎನ್ನುತ್ತಾರೆ. ರಜೆ ಸಿಕ್ಕಿದ್ದಕ್ಕೆ ಅಪ್ಪನಿಗೆ ದಿನವೂ ಹೊಸದಾಗಿ ಖುಷಿ. ನಾನು ಬರುವವರೆಗೆ ಅಲ್ಲಿಯೇ ಕೂರುತ್ತಾರೆ.

ಈ ಇಬ್ಬರನ್ನೂ ನಮ್ಮ ಪಡಸಾಲೆಯಲ್ಲಿಯೇ ಪರೀಕ್ಷಿಸಲಾಯಿತು. ಬಂದಿದ್ದ ಪೂಜಾ ಎಂಬ ಹುಡುಗಿ ಒಳ್ಳೆಯವಳು. ಕಾಗದದಲ್ಲಿದ್ದುದನ್ನು ಓದಿದಳು, ಅಷ್ಟೆ. ಹಿಮ ಬಿದ್ದ ದಿನ ಹೊರಗೆ ಹೋದರೆ ದಾರಿ ತಪ್ಪುತ್ತದೆಯೇ ಎಂದು ಚಾಚಿಯನ್ನು ಕೇಳಿದಳು. “ಅಂಥಾ ದಿನ ನಾ ಇನ್ನೂ ಹೊರಗ ಬಿದ್ದಿಲ್ಲವ್ವಾ” ಎಂದರು ಚಾಚಿ. ಉತ್ತರವಿಲ್ಲ ಎಂದು ದಾಖಲಾಯಿತು. ಗಡಿಯಾರದ ಚಿತ್ರ ಬರೆಯಿರಿ ಎಂದಾಗ, ಹುಟ್ಟಿದಾಗಿನಿಂದ ಪೆನ್ನು ಹಿಡಿಯದ ಆ ಕೈ ಸುಮ್ಮನೆ ಕುಳಿತಿತು. ಇವತ್ತು ಯಾವ ದಿನ? “ರಜಬ್ ಚಾಂದಿನ ಹದಿನಾಲ್ಕು” ಎಂದರು. ತಪ್ಪು.

ಅಪ್ಪನ ಸರದಿ ಬಂತು. ಶಬ್ದವೊಂದನ್ನು ತಿರುವಿ ಹೇಳಿ ಎಂದರೆ ಏಳೂ ವಿಭಕ್ತಿಗಳನ್ನು ಕೊನೆಯಿಂದ ಮೊದಲಿಗೆ ಒಪ್ಪಿಸಿದರು. ದಿನ ಕೇಳಿದರೆ ಪೂಜಾಳ ತಲೆಯ ಹಿಂದೆ ತೂಗುತ್ತಿದ್ದ ಪಂಚಾಂಗ ನೋಡಿ ತಿಥಿ, ನಕ್ಷತ್ರ ಎಲ್ಲ ಹೇಳಿದರು. ಪೂರ್ತಿ ಅಂಕ. ಇಬ್ಬರೂ ಎಣಿಸಿದ್ದು ಒಂದೇ ಚಂದ್ರನನ್ನು, ಮಾನ್ಯರೇ; ಒಬ್ಬರಿಗೆ ಅಂಕ, ಇನ್ನೊಬ್ಬರಿಗೆ ಸೊನ್ನೆ ಹೇಗೆ? ಪರೀಕ್ಷೆ ಮುಗಿದ ಮೇಲೆ ಅಪ್ಪ ಮಗಳಾದ ನನ್ನ ಕಡೆಯೇ ತಿರುಗಿ, “ನೀವು ಯಾರ ಪೈಕಿರೀ? ನಮ್ಮ ಪದ್ಮಜಾ ಶಾಲಿಯಿಂದ ಇನ್ನೂ ಬಂದಿಲ್ಲ” ಎಂದರು. ಅದನ್ನು ಬರೆದುಕೊಳ್ಳಲು ನಿಮ್ಮ ಕಾಗದದಲ್ಲಿ ಜಾಗವಿರಲಿಲ್ಲ.

ಮೂರು ತಿಂಗಳ ಮೇಲೆ ಫಲಿತಾಂಶ ಬಂತು. ಸುಯಮೀಂದ್ರಾಚಾರ್ಯರು: ಆರೋಗ್ಯವಂತರು. ದಾವಲಬಿ: ಕಾಯಿಲೆ ಗಂಭೀರ, ಒಂಟಿಯಾಗಿ ಬಿಡತಕ್ಕದ್ದಲ್ಲ. ಚಾಚಿಯನ್ನು ಹಗಲು ಆರೈಕೆ ಕೇಂದ್ರಕ್ಕೆ ಒಯ್ಯಲು ನಿಮ್ಮ ವ್ಯಾನು ಓಣಿಗೆ ಬಂತು. ಅವರ ಮಗ ರಿಯಾಜ ಭಯಪಟ್ಟು ಅಂಗಡಿಯ ಕೀಲಿ ತೆಗೆದುಕೊಂಡಿದ್ದ.

ಚಾಚಿ ವ್ಯಾನಿನ ಬಾಗಿಲು ಹಿಡಿದು ಚಾಲಕ ಕರಿಬಸಪ್ಪನಿಗೆ ಹೇಳಿದರು: “ನನ್ನ ಒಂಟಿ ಬಿಡಬಾರ್ದಂತ ನೀವ ಬರ್ದೀರಿ. ಮಾಸ್ತರು ಗಟ್ಟಿ ಅದಾರ ಅಂತನೂ ನೀವ ಬರ್ದೀರಿ. ಅವರು ನನ್ನ ಜೋಡಿ ಬರ್ತಾರ.”

ಕರಿಬಸಪ್ಪ ಎರಡೂ ಕಾಗದ ಓದಿದ. “ಕಾಗದದಾಗ ಹಂಗ ಐತಿ ಬಿಡ್ರಿ” ಎಂದು ಬಾಗಿಲು ತೆರೆದ.

ಹೀಗೆ ನನ್ನ ತಂದೆ ನಿಮ್ಮ ಕೇಂದ್ರದ ಪುಸ್ತಕದಲ್ಲಿ ಆರೈಕೆದಾರರಾದರು. ಅವರಿಗೆ ಊಟ ಬಡಿಸುವವರು, ಕೈ ಹಿಡಿದು ಬಚ್ಚಲಿಗೆ ಕರೆದೊಯ್ಯುವವರು, ಮಧ್ಯಾಹ್ನ ಅವರು ಗಾಬರಿಯಾದರೆ ಸಮಾಧಾನ ಹೇಳುವವರು, ಗಂಭೀರ ರೋಗಿಯಾದ ಚಾಚಿ. ಕಳೆದ ತಿಂಗಳು ನಿಮ್ಮ ಕಚೇರಿಯಿಂದ ಪತ್ರವೂ ಬಂತು: ರೋಗಿಯ ಪಕ್ಕ ಬಿಟ್ಟು ಕದಲದ ಆದರ್ಶ ಆರೈಕೆದಾರರಾದ ಸುಯಮೀಂದ್ರಾಚಾರ್ಯರು ವಿದೇಶಿ ತಜ್ಞರ ಮುಂದೆ ತಮ್ಮ ಅನುಭವ ಹೇಳಬೇಕಂತೆ. ಅವರು ಒಪ್ಪಿದ್ದಾರೆ. ಏನನ್ನು ಒಪ್ಪಿದ್ದೇನೆಂದು ಆಗಾಗ ಕೇಳುತ್ತಾರೆ.

ಇಷ್ಟು ದಿನ ನಾನು ನಗುತ್ತಿದ್ದೆ, ನಿಜ ಹೇಳಬೇಕೆಂದರೆ. ಅಪ್ಪನಿಗೆ ನಿಶ್ಚಿಂತೆಯ ಜಾಗ ಸಿಕ್ಕಿತ್ತು. ನನಗೆ ನೆಮ್ಮದಿಯಿಂದ ಪಾಠ ಮಾಡಲು ಆಗುತ್ತಿತ್ತು. ಆದರೆ ಓಣಿಯವರು ಚಾಚಿಯೊಡನೆ ಕಿವುಡರಿಗೆ ಹೇಳುವಂತೆ ಕೂಗಿ ಮಾತನಾಡತೊಡಗಿದ್ದರು. ಮೊಮ್ಮಗಳು ಸುಹಾನಾಳ ಮದುವೆ ಮಾತುಕತೆಯಲ್ಲಿ ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಮೊನ್ನೆ ಅಪ್ಪನನ್ನು ಮನೆಗೆ ಬಿಟ್ಟ ಚಾಚಿ ನಮ್ಮ ಕಟ್ಟೆಯ ಮೇಲೆ ಕುಳಿತುಬಿಟ್ಟರು.

“ಪದ್ಮವ್ವಾ, ಬೆಳಿಗ್ಗಿ ಕನ್ನಡಕ ಎಲ್ಲಿಟ್ಟೆ ಅಂತ ಹುಡುಕಾಕತ್ತಿದ್ದೆ. ನನಗ ಖರೇನ ಮರವು ಹತ್ತೇತೇನು?”

“ಇಲ್ಲ ಚಾಚಿ. ಕನ್ನಡಕ ನಾನೂ ಹುಡುಕ್ತೇನಿ.”

“ಹಂಗಂದ್ರ ಇಷ್ಟ ದಿನ ಯಾರಿಗೂ ಯಾಕ ಹೇಳ್ಲಿಲ್ಲ ನೀನು?”

ಆದ್ದರಿಂದ ಈಗ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದೇನೆ. ಇದನ್ನು ಓದಿದ ಮೇಲೆ ನೀವು ಅಪ್ಪನನ್ನು ಕೇಂದ್ರದಿಂದ ಹೊರಗೆ ಹಾಕಬಹುದು. ಗೊತ್ತಿದ್ದೇ ಬರೆದಿದ್ದೇನೆ.

ನನ್ನ ಬೇಡಿಕೆ ಇಷ್ಟು. ದಾವಲಬಿಗೆ ಯಾವ ಮರೆವೂ ಇಲ್ಲವೆಂದು ಮೊಹರು ಹಾಕಿ ಬರೆದು, ನೀವೇ ಅವರ ಮನೆಗೆ ಬಂದು, ರಿಯಾಜ ಮತ್ತು ಸುಹಾನಾ ಎದುರಿಗೆ ಓದಿ ಹೇಳಬೇಕು. ನನ್ನ ತಂದೆಯನ್ನು ರೋಗಿ ಎಂದು ದಾಖಲಿಸಬೇಕು. ಅವರನ್ನು ಯಾರು ನೋಡಿಕೊಳ್ಳಬೇಕೆಂಬುದು ನನ್ನ ಚಿಂತೆ, ಅದನ್ನು ಚಾಚಿಯ ತಲೆಗೆ ಕಟ್ಟಬೇಡಿ. ಹೋಲಿಕೆಯ ವರದಿ ಹಿಡಿದು ಬ್ರೆಜಿಲ್ಲಿಗೆ ಹೋಗುವ ಮೊದಲು ಸವಣೂರಿಗೆ ಬನ್ನಿ. ತಡ ಮಾಡಿದರೆ ಚಾಚಿ ನಿಮ್ಮ ಕಾಗದವನ್ನೇ ನಂಬಿಬಿಡುತ್ತಾರೆ.

ಇಂತಿ,
ತನ್ನ ಅನುಕೂಲಕ್ಕೆ ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದ
ಪದ್ಮಜಾ, ಸವಣೂರು